ಕುಡುಗೋಲು ನೆಟ್ಟಗಿರುವಷ್ಟು ಜಾಗ

ಒಣಮೆಣಸಿನಕಾಯಿಯ ಮೇಲೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ಘಾಟಿಲ್ಲ. ಸೀನು ತರಿಸುವುದು ಒಣಕಾಯಿ. ನೀರು ಬಿದ್ದ ಕಾಯಿಯದು ತುಸು ಸಿಹಿಯಾದ, ಒಲೆಯಿಂದ ಆಗಷ್ಟೇ ಇಳಿಸಿದ ಬೆಲ್ಲದ ಪಾಕದ ಹತ್ತಿರ ಬರುವ ವಾಸನೆ. ಮೊನ್ನೆ ಮಾರುಕಟ್ಟೆಯ ಸುದ್ದಿಗೆಂದು ಬ್ಯಾಡಗಿಗೆ ಹೋಗಿದ್ದೆ. ಒಂದು ಅಂಗಡಿಯ ಕಟ್ಟೆಯ ಮೇಲೆ ಹೆಂಗಸೊಬ್ಬಳು ಕೆಂಪು ರಾಶಿಗೆ ನೀರು ಚಿಮುಕಿಸುತ್ತಿದ್ದಳು. ಗೋಣಿಗೆ ತುಂಬಿ ತುಳಿಯುವಾಗ ಕಾಯಿ ಮುರಿಯಬಾರದೆಂದು ಇಲ್ಲಿ ಹೀಗೆ ಮಾಡುತ್ತಾರೆ. ದರ ಬರೆದುಕೊಳ್ಳುತ್ತಿದ್ದ ನನ್ನ ಕೈ ನಿಂತಿತು. ಆ ವಾಸನೆ ಕಾಲೇಜಿನಲ್ಲಿ ನನ್ನ ಜೊತೆಗಿದ್ದ ಒಬ್ಬಳ ದುಪಟ್ಟಾದಲ್ಲಿ ಸದಾ ಇರುತ್ತಿತ್ತು…

ನಾನು ಹಾವೇರಿಯಲ್ಲಿ ಒಂದು ಪತ್ರಿಕೆಯ ಜಿಲ್ಲಾ ವರದಿಗಾರ್ತಿ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಬೇರೆ ಮಾಡಿ ಬರೆಯುವುದು ನನ್ನ ಕಸುಬು. ಮುಖ್ಯವಾದುದನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕೆಂಬುದು ಆ ಕಸುಬಿನ ನಿಯಮ. ಇಲ್ಲಿ ಎರಡನೆಯದರಲ್ಲಿ ಹೇಳುತ್ತಿದ್ದೇನೆ. ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷ ನನ್ನ ಪ್ರಾಜೆಕ್ಟಿನ ಜೋಡಿಯಾಗಿದ್ದ ಬ್ಯಾಡಗಿಯ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಆಕೆ ಈಗಿಲ್ಲ. ಹೊಟ್ಟೆಕಿಚ್ಚು ಇದೆ.

ಅದು ಶುರುವಾದದ್ದು ಒಂದು ಬಸ್ಸಿನಿಂದ. ನಮಗೆ ಕಂಟ್ರೋಲ್ ಸಿಸ್ಟಮ್ಸ್ ಕಲಿಸುತ್ತಿದ್ದ ಸರ್ ಆ ದಿನ ಸ್ಟೇಟ್ ಸ್ಪೇಸ್ ಎಂಬ ಪಾಠ ತೆಗೆದಿದ್ದರು. ಒಂದು ವ್ಯವಸ್ಥೆಯ ಹಿಂದಿನ ಕಥೆಯನ್ನೆಲ್ಲ ಹೊತ್ತುಕೊಂಡು ತಿರುಗುವ ಬದಲು, ಮುಂದೇನಾಗುತ್ತದೆ ಎಂದು ಹೇಳಲು ಈ ಗಳಿಗೆಯಲ್ಲಿ ಏನೇನು ಗೊತ್ತಿದ್ದರೆ ಸಾಕು ಎಂದು ಆರಿಸಿಕೊಳ್ಳುವುದು; ಆರಿಸಿದ್ದಕ್ಕೆ ಸ್ಥಿತಿ ಎನ್ನುವುದು; ಒಂದು ದೊಡ್ಡ ತೊಡಕಿನ ಸಮೀಕರಣವನ್ನು ಒಡೆದು, ಪ್ರತಿಯೊಂದು ಸ್ಥಿತಿಗೆ ಒಂದೊಂದು ಚಿಕ್ಕ ಸಮೀಕರಣ ಬರೆಯುವುದು. ಇಷ್ಟನ್ನು ಪುಸ್ತಕ ಹತ್ತಾರು ಪುಟಗಳಲ್ಲಿ ಹೇಳುತ್ತಿತ್ತು. ಸರ್ ಹಲಗೆಯ ಮೇಲೆ ಒಂದು ಗೆರೆ ಎಳೆದು, ಒಂದು ತುದಿಗೆ ಹಾವೇರಿ, ಇನ್ನೊಂದು ತುದಿಗೆ ರಾಣೆಬೆನ್ನೂರು ಎಂದು ಬರೆದರು.

"ಬಸ್ಸು ಈಗ ಎಲ್ಲೈತಿ, ಎಷ್ಟು ಜೋರು ಹೊಂಟೈತಿ. ಎರಡು ಹೇಳ್ರಿ ಸಾಕು, ಮುಂದಿಂದು ನಾ ಹೇಳ್ತೇನಿ. ಡ್ರೈವರ್ ಮೋಟೆಬೆನ್ನೂರಾಗ ಚಾ ಕುಡದಾನೋ ಇಲ್ಲೋ, ನಮಗ ಬ್ಯಾಡ."

ನಾನು 'ಸ್ಥಾನ, ವೇಗ' ಎಂದು ಬರೆದು ಕೆಳಗೆ ಗೆರೆ ಹಾಕಿದೆ. ಹಿಂದಿನ ಬೆಂಚಿನಿಂದ ಆಕೆಯ ದನಿ ಬಂತು.

"ಸರ್, ಡ್ರೈವರಿಗೆ ಸಿಟ್ಟು ಬಂದಿದ್ರ?"

ತರಗತಿ ನಕ್ಕಿತು. ಸರ್ ನಗಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕುಳಿತರು. "ಅದು ಮೂರನೇ ಸ್ಥಿತಿ," ಎಂದರು. "ಕಣ್ಣಿಗೆ ಕಾಣಂಗಿಲ್ಲ, ಆದರ ಬಸ್ಸು ಓಡಸ್ತೈತಿ. ಅಂಥಾದ್ದನ್ನ ಹುಡುಕೂದಽ ನಮ್ಮ ಕೆಲಸ."

ಏಳು ಸೆಮಿಸ್ಟರು ನಾನು ತರಗತಿಗೆ ಮೊದಲಿಗಳು. ನನ್ನ ಉತ್ತರ ಪತ್ರಿಕೆಗೆ ಸರ್ ಅಂಕ ಹಾಕಿ ಕೊಡುತ್ತಿದ್ದರು. ಆಕೆಯ ಪ್ರಶ್ನೆಗೆ ಕುರ್ಚಿ ಎಳೆದುಕೊಂಡು ಕೂತರು. ವ್ಯತ್ಯಾಸ ನನಗೆ ಆ ಕ್ಷಣದಲ್ಲೇ ತಿಳಿಯಿತು. ತಿಳಿಯದಿದ್ದರೆ ಚೆನ್ನಾಗಿತ್ತು.

ಪ್ರಾಜೆಕ್ಟಿಗೆ ನಮ್ಮಿಬ್ಬರನ್ನು ಜೋಡಿ ಮಾಡಿದವರೂ ಅವರೇ. ನಾನು ಹಲಗೇರಿಯ ರೈತರ ಮಗಳು, ಆಕೆ ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮಗಳು. ವಿಷಯ ತಾನಾಗಿಯೇ ಬಂತು: ಮೆಣಸಿನಕಾಯಿ ಒಣಗಿಸುವ ಪೆಟ್ಟಿಗೆ. ಒಂದು ಹೀಟರು, ಒಂದು ಫ್ಯಾನು, ಕೆಲವು ಸೆನ್ಸರು, ಎಷ್ಟು ಕಾಯಿಸಬೇಕು ಎಂದು ಗಳಿಗೆಗಳಿಗೆಗೆ ತೀರ್ಮಾನಿಸುವ ಒಂದು ಪ್ರೋಗ್ರಾಂ. ಕೇಳಲು ಸುಲಭ. ಆದರೆ ಶಾಖವನ್ನು ಇಮ್ಮಡಿ ಮಾಡಿದರೆ ಒಣಗುವುದು ಇಮ್ಮಡಿಯಾಗುವುದಿಲ್ಲ. ಕಾಯಿ ಒಣಗುತ್ತ ಹೋದಂತೆ ಅದು ನೀರು ಬಿಡುವ ರೀತಿಯೇ ಬದಲಾಗುತ್ತದೆ. ಇಂಥ, ಒಂದಕ್ಕೆ ಎರಡಾದರೆ ಎರಡಕ್ಕೆ ನಾಲ್ಕು ಎನ್ನದ ವ್ಯವಸ್ಥೆಗೆ ನಾನ್‌ಲೀನಿಯರ್ ಎನ್ನುತ್ತಾರೆ. ಅದನ್ನು ಪಳಗಿಸುವುದೇ ನಮ್ಮ ಕೆಲಸ.

ನಾನು ಲೇಡೀಸ್ ಹಾಸ್ಟೆಲಿನ ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಏನೇನು ಅಳೆಯಬೇಕೆಂದು ಬರೆದೆ. ಗೋಡೆಯ ಶಾಖ, ಗಾಳಿಯ ಶಾಖ, ಒಳಬರುವ ಗಾಳಿಯ ತೇವ, ಹೊರಹೋಗುವ ಗಾಳಿಯ ತೇವ, ಸಿಪ್ಪೆ, ಬೀಜ… ಆಕೆ ಅವಲಕ್ಕಿ ತಿನ್ನುತ್ತ ಬಗ್ಗಿ ನೋಡಿದಳು.

"ಏನಲೇ ಇದು, ಮದವಿ ಯಾದಿ ಮಾಡೀಯಲ್ಲ! ಯಾರ್ಯಾರನ್ನ ಬಿಟ್ರ ಸಿಟ್ಟಾಗ್ತಾರ, ಅವರನ್ನ ಅಷ್ಟ ಕರಿ."

ಎಣ್ಣೆ ಹತ್ತಿದ ಬೆರಳಿನಲ್ಲೇ ಪೆನ್ನು ಹಿಡಿದು ಒಂದೊಂದನ್ನು ಹೊಡೆದು ಹಾಕುತ್ತ ಹೋದಳು. ಕೊನೆಗೆ ಮೂರು ಉಳಿದವು. ಪೆಟ್ಟಿಗೆಯೊಳಗಿನ ಶಾಖ, ಗಾಳಿಯಲ್ಲಿನ ತೇವ, ಕಾಯಿಯಲ್ಲಿ ಉಳಿದ ನೀರು. ಮೂರಕ್ಕೆ ಮೂರು ಚಿಕ್ಕ ಸಮೀಕರಣ. ಅವುಗಳಲ್ಲೂ ಡೊಂಕು ಇತ್ತು. ಆದರೆ ಪೆಟ್ಟಿಗೆ ಸಾಮಾನ್ಯವಾಗಿ ಯಾವ ಸ್ಥಿತಿಯ ಆಸುಪಾಸಿನಲ್ಲಿ ಕೆಲಸ ಮಾಡುತ್ತದೋ ಆ ಒಂದು ಬಿಂದುವಿನಲ್ಲಿ ನಿಂತು, ಅಲ್ಲಿಂದ ತುಸು ಆಚೆ, ತುಸು ಈಚೆಗಷ್ಟೇ ಲೆಕ್ಕ ಹಾಕಿದರೆ ಡೊಂಕು ಗೆರೆಯನ್ನು ನೇರ ಗೆರೆ ಎಂದು ಹಿಡಿಯಬಹುದು. ಆಮೇಲೆ ಉಳಿಯುವುದು ಬರಿ ಕೂಡುವುದು, ಗುಣಿಸುವುದು. ಇದು ಪುಸ್ತಕದಲ್ಲಿರುವ ವಿದ್ಯೆಯೇ; ನನಗೂ ಬರುತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ನಾನೇ ಚೆನ್ನಾಗಿ ಬರೆಯುತ್ತಿದ್ದೆ. ಆಕೆಗೆ ಅದು ಅವಲಕ್ಕಿ ತಿನ್ನುವಾಗ ಬಂತು.

ಸರ್ ಆ ಹಾಳೆಯನ್ನು ನೋಡಿ, ಎಣ್ಣೆಯ ಕಲೆಯನ್ನೂ ನೋಡಿ, ಗಟ್ಟಿಯಾಗಿ ನಕ್ಕರು. ಅಷ್ಟು ಸಂತೋಷದಿಂದ ಅವರು ನಕ್ಕಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಆ ಚಳಿಗಾಲದಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಸರ್ ಕರಾವಳಿಯ ಒಂದು ಸಂಶೋಧನಾ ಸಂಸ್ಥೆಗೆ ಹೋಗುವವರಿದ್ದರು. ಜೊತೆಗೆ ಒಬ್ಬ ವಿದ್ಯಾರ್ಥಿಯನ್ನು ಸಹಾಯಕರಾಗಿ ಕರೆದೊಯ್ಯಲು ಅವಕಾಶವಿತ್ತು. ಒಬ್ಬರನ್ನು ಮಾತ್ರ. ನಮ್ಮಿಬ್ಬರನ್ನೂ ಕರೆದು ಹೇಳಿದರು: "ಎರಡು ಪೆಟಿಗಿ ಮಾಡ್ರಿ. ಒಂದಽ ಅಳತಿ, ಒಂದಽ ಹೀಟರು. ಪ್ರೋಗ್ರಾಂ ಮಾತ್ರ ಅವರವರದು. ಸುಗ್ಗಿ ಕಾಯಿ ಬರ್ಲಿ, ನೋಡೋಣು." ಗೆದ್ದವರಿಗೆ ಆ ಜಾಗ ಎಂದು ನಾನು ತಿಳಿದುಕೊಂಡೆ. ನನಗೆ ಆ ಜಾಗ ಬೇಕಿತ್ತು. ಬದುಕಿನಲ್ಲಿ ಅದಕ್ಕಿಂತ ಹೆಚ್ಚಾಗಿ ಏನನ್ನೂ ನಾನು ಬಯಸಿದ್ದಿಲ್ಲ. ಆಕೆಗೂ ಬೇಕಿತ್ತು, ಆದರೆ ಆಕೆ ಅದನ್ನು ಹಗುರಾಗಿ ಬಯಸುತ್ತಿದ್ದಳು, ಸಂಜೆ ಮಿರ್ಚಿ ಭಜಿ ಬಯಸಿದ ಹಾಗೆ. ಅದು ನನ್ನನ್ನು ಇನ್ನಷ್ಟು ಉರಿಸುತ್ತಿತ್ತು.

ಆಕೆ ತನ್ನ ಮೂರು ಸ್ಥಿತಿಗಳ ಲೆಕ್ಕ ಹಿಡಿದಳು. ನಾನು ಬೇಕೆಂದೇ ಬೇರೆ ದಾರಿ ಹಿಡಿದೆ. ರಜೆಯಲ್ಲಿ ಊರಿಗೆ ಹೋಗಿ ನಮ್ಮ ಕಣದಲ್ಲಿ ಒಣಗುತ್ತಿದ್ದ ಕಾಯಿಯನ್ನು ದಿನವೂ ತೂಗಿ, ಯಾವಾಗ ಎಷ್ಟು ಹಗುರಾಗುತ್ತದೆ ಎಂದು ನೋಡಿ, ನಿಯಮಗಳನ್ನು ಕಟ್ಟಿದೆ. ಇಷ್ಟು ತೂಕವಿದ್ದರೆ ಇಷ್ಟು ಶಾಖ, ಅದಕ್ಕಿಂತ ಇಳಿದರೆ ಇಷ್ಟು. ಅದರಲ್ಲಿ ಸೊಬಗು ಇರಲಿಲ್ಲ. ಚಿಂದಿ ಸೇರಿಸಿ ಹೊಲಿದ ಕೌದಿಯಂತಿತ್ತು.

ಪರೀಕ್ಷೆ ನಡೆದದ್ದು ಬ್ಯಾಡಗಿಯಲ್ಲಿ, ಆಕೆಯ ತಂದೆಯ ಅಂಗಡಿಯ ಹಿತ್ತಲಲ್ಲಿ, ಬೆಳಗಿನ ಬಿಸಿಲಿನಲ್ಲಿ. ಕದರಮಂಡಲಗಿಯ ರೈತರೊಬ್ಬರ ಹೊಲದಿಂದ ಅಂದೇ ಕಿತ್ತ ಕಾಯಿ ಬಂದಿತ್ತು. ಆಕೆಯ ತಂದೆ ಬಿಳಿ ಟೋಪಿ ಸರಿಮಾಡಿಕೊಳ್ಳುತ್ತ ಎರಡೂ ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಹಾಕಿದರು.

"ಸೂರ್ಯ ಪುಕ್ಕಟೆ ಒಣಗಸ್ತಾನ. ನೀವು ಕರೆಂಟ್ ಹಚ್ಚಿ ಒಣಗಸ್ತೀರಿ. ಇದಕ್ಕ ನಾಕು ವರ್ಷ ಓದಬೇಕೇನ್ರವಾ?"

"ಅಬ್ಬಾ, ಮೋಡ ಬಂದ್ರ ನಿಮ್ಮ ಸೂರ್ಯ ಏನ್ ಮಾಡ್ತಾನ?" ಎಂದು ಆಕೆ ತಂದೆಯನ್ನೇ ಕೇಳಿದಳು.

"ಮೋಡ ಹೋಗೂತನಕ ಕಾಯ್ತಾನ ಬೇಟಿ. ನಿಮ್ಮಂಗ ಅವಗ ಗಡಿಬಿಡಿ ಇಲ್ಲ."

ಸರ್ ನಕ್ಕು, ಎರಡೂ ಸ್ವಿಚ್ಚು ಒತ್ತಿದರು.

ಮಧ್ಯಾಹ್ನದ ಹೊತ್ತಿಗೆ ಆಕೆಯ ಪೆಟ್ಟಿಗೆಯ ಕಡೆಯಿಂದ ಸೀದ ವಾಸನೆ ಬರತೊಡಗಿತು. ಆಕೆಯ ಪ್ರೋಗ್ರಾಂ ಹೀಟರನ್ನು ಏರಿಸುತ್ತಲೇ ಇತ್ತು. ಟ್ರೇ ಎಳೆದಾಗ ಕಾಯಿ ಕಪ್ಪಿಟ್ಟಿದ್ದವು. ನನ್ನವು ಇನ್ನೂ ಪೂರ್ತಿ ಒಣಗಿರಲಿಲ್ಲ, ಆದರೆ ಕೆಂಪಗಿದ್ದವು. ಬ್ಯಾಡಗಿಯ ಕಾಯಿಗೆ ಹೆಸರು ಬಂದದ್ದು ಯಾವ ಬಣ್ಣದಿಂದಲೋ ಆ ಬಣ್ಣ. ಆಕೆಯ ತಂದೆ ಒಂದು ಕರಿ ಕಾಯಿಯನ್ನು ಎತ್ತಿ ಬಿಸಿಲಿಗೆ ಹಿಡಿದರು.

"ತೌಬಾ. ಇದನ್ನ ಯಾವ ಖರೀದಿ ಪಾರ್ಟಿಗೆ ತೋರಸ್ಲಿ? ಕಣ್ಣಿಗೆ ಕಾಡಿಗಿ ಮಾಡಾಕ ಬರ್ತೈತೇನು?"

ನನ್ನೊಳಗೆ ಏನು ನಡೆಯುತ್ತಿತ್ತೆಂಬುದನ್ನು ವರದಿ ಮಾಡುವುದು ಕಷ್ಟವಲ್ಲ. ನನಗೆ ಸಂತೋಷವಾಗಿತ್ತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ, ಅಷ್ಟೆ.

ಆಕೆ ಟ್ರೇಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಒಂದು ಕಾಯಿಯನ್ನು ಮುರಿದಳು. ಒಳಗೆ ಇನ್ನೂ ಹಸಿಯಿತ್ತು. ಅಂಗಡಿಯ ಮುಂದುಗಡೆ ಆಳುಗಳು ರಾಶಿಗೆ ನೀರು ಹೊಡೆಯುತ್ತಿದ್ದ ಸಪ್ಪಳ ಕೇಳುತ್ತಿತ್ತು. ಆಕೆ ಆ ಕಡೆ ತಿರುಗಿದಳು, ಮತ್ತೆ ಕಾಯಿ ನೋಡಿದಳು, ಹಣೆ ಬಡಿದುಕೊಂಡು ನಗಲು ಶುರುಮಾಡಿದಳು.

"ಅಯ್ಯ ಸರ್, ನಾ ಎಂಥಾ ಕತ್ತೆ ಅದೇನ್ರಿ! ನೀರು ಹೊಡದ ಕಾಯಿ ಮ್ಯಾಲೆ ಲೆಕ್ಕಾ ಹಾಕೇನಿ."

ಆಕೆ ಅಳತೆಗೆ ತೆಗೆದುಕೊಂಡದ್ದು ತಂದೆಯ ಅಂಗಡಿಯ ಗೋಣಿಯೊಳಗಿನ ಕಾಯಿ. ಅದರ ನೀರು ಹೊರಗಿನಿಂದ ಬಂದು ಸಿಪ್ಪೆಯ ಮೇಲೆ ಕೂತ ನೀರು, ಬೇಗ ಹಾರಿಹೋಗುತ್ತದೆ. ಹೊಲದ ಕಾಯಿಯ ನೀರು ಒಳಗಿನದು, ನಿಧಾನಕ್ಕೆ ಬರುತ್ತದೆ. ನೀರು ಬೇಗ ಹೋಗುತ್ತದೆಂದು ನಂಬಿದ ಪ್ರೋಗ್ರಾಂ, ಅದು ಹೋಗದಿದ್ದಾಗ ಶಾಖ ಸಾಲದೆಂದು ತಿಳಿದು ಏರಿಸುತ್ತ ಹೋಗಿತ್ತು. ರೈತರ ಮನೆಯಲ್ಲಿ ಈ ತಪ್ಪು ಯಾರೂ ಮಾಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಒದ್ದೆ ಮೆಣಸಿನಕಾಯಿಯ ವಾಸನೆಯಲ್ಲಿ ಬೆಳೆದ ದಲಾಲರ ಮಗಳಿಗೆ, ಆ ನೀರು ಯಾರೋ ಹಾಕಿದ್ದು ಎಂದು ಹೊಳೆದೇ ಇರಲಿಲ್ಲ.

"ಲೆಕ್ಕಾ ತಪ್ಪಲ್ರಿ ಸರ್," ಎಂದಳು, ಕಣ್ಣೊರೆಸಿಕೊಳ್ಳುತ್ತ. "ನಾ ನಿಂತ ಜಾಗಾ ತಪ್ಪು. ಒಳಗಿನ ನೀರು ಬ್ಯಾರೆ, ಮ್ಯಾಲಿನ ನೀರು ಬ್ಯಾರೆ. ಸ್ಥಿತಿ ಮೂರಲ್ಲ, ನಾಕು."

ಸರ್ ನನ್ನ ಕಡೆ ತಿರುಗಿದರು. "ನಿಂದು ಯಾಕ ಕೆಂಪುಳಿತು?"

"ಉಳಿತ್ರಿ ಸರ್," ಎಂದೆ.

ಯಾಕೆಂದು ನಾನೇ ಕೇಳಿಕೊಂಡಿರಲಿಲ್ಲ. ನಿಯಮಗಳು ಕೆಲಸ ಮಾಡಿದ್ದವು, ನಮ್ಮ ಕಣದ ಕಾಯಿ ಹೊಲದ ಕಾಯಿಯಾಗಿತ್ತು, ಅಷ್ಟೇ. ಆ ವಾರ ಸರ್ ಸಂಸ್ಥೆಗೆ ಆಕೆಯ ಹೆಸರನ್ನು ಕೊಟ್ಟರು. ಗೆದ್ದವಳು ನಾನು. ಹೋದವಳು ಆಕೆ.

ಈ ತೀರ್ಮಾನದಲ್ಲಿ ಅನ್ಯಾಯ ಹುಡುಕಲು ನಾನು ಬಹಳ ವರ್ಷ ಪ್ರಯತ್ನಪಟ್ಟೆ. ಸಿಕ್ಕಿದ್ದರೆ ಹೊಟ್ಟೆಕಿಚ್ಚು ಸಿಟ್ಟಾಗಿ ಬದಲಾಗಿ, ಸಿಟ್ಟು ಒಂದು ದಿನ ಆರಿಹೋಗುತ್ತಿತ್ತು. ಸಿಗಲಿಲ್ಲ. ನಾನು ಎಂಜಿನಿಯರಿಂಗ್ ಮುಗಿಸಿ, ಒಂದೆರಡು ಕಡೆ ಕೆಲಸ ಮಾಡಿ, ಪತ್ರಿಕೆಗೆ ಸೇರಿದೆ. ಇಲ್ಲಿ 'ಯಾಕೆ ಉಳಿಯಿತು' ಎಂದು ಯಾರೂ ಕೇಳುವುದಿಲ್ಲ. ಏನು, ಎಲ್ಲಿ, ಯಾವಾಗ ಎಂಬುದನ್ನು ತಪ್ಪಿಲ್ಲದೆ ಹೇಳಿದರೆ ಸಾಕು. ಅದರಲ್ಲಿ ನಾನು ಒಳ್ಳೆಯ ಹೆಸರು ಮಾಡಿದೆ.

ಆಕೆಯ ಸುದ್ದಿ ಆಗಾಗ ಬರುತ್ತಿತ್ತು. ಇದು ಕೇಳಿದ್ದು: ಕರಾವಳಿಯಲ್ಲಿ ಸಂಶೋಧನೆ ಮುಗಿಸಿದಳು, ಹೊರದೇಶದವರು ಕರೆದರೂ ಹೋಗಲಿಲ್ಲ, ರಾಣೆಬೆನ್ನೂರಿಗೆ ಬಂದು ಡಿಪ್ಲೊಮಾ ಹುಡುಗರಿಗೆ ಪಾಠ ಹೇಳತೊಡಗಿದಳು. ಅದೂ ನನಗೆ ಉರಿ ತಂದಿತು. ನನಗೆ ಕೈಗೆಟುಕದ್ದನ್ನು ಆಕೆ ಪಡೆದು, ಸಾಕೆಂದು ಇಟ್ಟುಬರಬಲ್ಲವಳಾಗಿದ್ದಳು.

ಒಮ್ಮೆ ಹಾವೇರಿಯ ಬಸ್ ನಿಲ್ದಾಣದಲ್ಲಿ ಎದುರಾದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಹೆಗಲಿಗೆ ಕಾಲೇಜಿನ ದಿನಗಳಂಥದೇ ದೊಡ್ಡ ಚೀಲ.

"ನಿನ್ನ ಪೇಪರ್ ದಿನಾ ಓದ್ತೇನಿ ನೋಡು."

"ಖರೇನಽ?"

"ತಪ್ಪು ಹುಡುಕಾಕ! ಸಿಗಂಗಿಲ್ಲಲೇ, ಬ್ಯಾಸರಾಗತೈತಿ."

ಇಬ್ಬರೂ ನಕ್ಕೆವು. ಹೊರಡುವ ಮುಂಚೆ, ಕನ್ನಡದಲ್ಲಿ ಪಾಠಗಳನ್ನು ಮಾಡುತ್ತಿದ್ದೇನೆ, ನೀನೊಮ್ಮೆ ತಿದ್ದಿ ಕೊಡುತ್ತೀಯಾ ಎಂದು ಕೇಳಿದಳು. ಕಳಿಸು ಎಂದೆ. ಆಕೆ ಕಳಿಸಲಿಲ್ಲ. ನಾನು ಮತ್ತೆ ಕೇಳಲಿಲ್ಲ… ಇಬ್ಬರಿಗೂ ಪುರುಸೊತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಕಾಯಿಲೆಯ ವಿಷಯ ನನಗೆ ಗೊತ್ತಾಗಲಿಲ್ಲ. ಹೋದ ಸುಗ್ಗಿಯಲ್ಲಿ ಬ್ಯಾಡಗಿಯ ನಮ್ಮ ಅರೆಕಾಲಿಕ ವರದಿಗಾರ ಕಳಿಸಿದ ಸುದ್ದಿಗಳ ನಡುವೆ ಆಕೆಯ ನಿಧನ ವಾರ್ತೆ ಇತ್ತು. ಹೆಸರು, ಊರು, ಉದ್ಯೋಗ, ಅಂತ್ಯಕ್ರಿಯೆಯ ಹೊತ್ತು. ಒಂದು ಕಾಗುಣಿತ ತಿದ್ದಿ ಪುಟಕ್ಕೆ ಕಳಿಸಿದೆ. ಮರುದಿನ ಬ್ಯಾಡಗಿಗೆ ಹೋದಾಗ ಆಕೆಯ ತಂದೆ ನನ್ನ ಕೈ ಹಿಡಿದುಕೊಂಡರು.

ತಿಂಗಳು ಕಳೆದ ಮೇಲೆ ಸರ್ ಫೋನ್ ಮಾಡಿದರು. ನಿವೃತ್ತರಾಗಿ ಈಗ ರಾಣೆಬೆನ್ನೂರಿನಲ್ಲೇ ಇದ್ದಾರೆ. ದನಿ ತೆಳ್ಳಗಾಗಿದೆ.

"ಆಕಿ ಡಿಪ್ಲೊಮಾ ಮಕ್ಕಳಿಗೆ ಅಂತ ಪಾಠ ಎಲ್ಲಾ ಮೊಬೈಲಿನಾಗ ಮಾತಾಡಿ ಇಟ್ಟಾಳ. ಹಾಸಿಗಿ ಹಿಡದ ಮ್ಯಾಲೂ ಮಾತಾಡ್ಯಾಳ. ಪುಸ್ತಕ ಮಾಡಬೇಕು. ಕಡೀ ಪಾಠ ಅರ್ಧಕ್ಕ ನಿಂತೈತಿ. ನೀನಽ ಮುಗಸಬೇಕವಾ."

"ನಾನ್ಯಾಕ್ರಿ ಸರ್?"

"ಮತ್ಯಾರದಾರ? ಲೆಕ್ಕಾನೂ ಬರಬೇಕು, ಕನ್ನಡಾನೂ ಬರಬೇಕು."

ಅವರು ಕೊನೆಗೂ ನನ್ನನ್ನು ಆರಿಸಿದ್ದರು. ಪಟ್ಟಿಯಲ್ಲಿ ಇನ್ನೊಂದು ಹೆಸರು ಇರಲಿಲ್ಲ.

ಕಚೇರಿಯಲ್ಲಿ ಊಟದ ಹೊತ್ತಿಗೆ ಒಂದೊಂದೇ ಪಾಠ ಕೇಳಿ ಬರೆದುಕೊಳ್ಳತೊಡಗಿದೆ. ತಿದ್ದಬೇಕೆಂದೇ ಕುಳಿತಿದ್ದೆ. ಇಷ್ಟು ವರ್ಷ ಬೇರೆಯವರ ವಾಕ್ಯಗಳನ್ನು ಕತ್ತರಿಸಿ ಬದುಕಿದವಳು ನಾನು. ಆಕೆಯ ಮಾತಿನಲ್ಲಿ ತೆಗೆದುಹಾಕಬಹುದಾದ ಪದ ಸಿಗಲಿಲ್ಲ. ಡೊಂಕು ವ್ಯವಸ್ಥೆಯನ್ನು ಒಂದು ಬಿಂದುವಿನ ಬಳಿ ನೇರವೆಂದು ಹಿಡಿಯುವ ಪಾಠದಲ್ಲಿ, ಹಿಂದೆ ಬ್ಯಾಡಗಿಯ ಸಂತೆಯ ಗದ್ದಲ ಕೇಳುತ್ತಿರುವಾಗ, ಆಕೆ ಹೀಗೆ ಹೇಳಿದ್ದಳು:

"ಕುಡುಗೋಲು ಎಷ್ಟಽ ಡೊಂಕ ಇರ್ಲಿ, ಒಂದು ಕಡ್ಡಿ ಕೊಯ್ಯೂವಷ್ಟು ಜಾಗದಾಗ ಅದು ನೆಟ್ಟಗ ಇರತೈತಿ. ನಮಗ ಅಷ್ಟಽ ಸಾಕು."

ನಾನು ಇಯರ್‌ಫೋನ್ ತೆಗೆದಿಟ್ಟೆ. ಕುಡುಗೋಲು ಹಿಡಿದು ಜೋಳ ಕೊಯ್ದವಳು ನಾನು. ಎಡಗೈ ಹೆಬ್ಬೆರಳಿನಲ್ಲಿ ಗಾಯದ ಗುರುತಿದೆ. ಆಕೆ ಮೆಣಸಿನಕಾಯಿ ಅಂಗಡಿಯ ಮಗಳು, ಬೆಳೆ ಕೊಯ್ಯುವುದನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದರೆ ಕಂಡಿರಬೇಕು. ನನ್ನ ಕೈಯಲ್ಲಿದ್ದದ್ದನ್ನು ಆಕೆ ನೋಡಿದ್ದಳು. ಹೊಟ್ಟೆಕಿಚ್ಚು ಎಂದರೆ ಏನೆಂದು ಆ ಮಧ್ಯಾಹ್ನ ನನಗೆ ಹೊಸದಾಗಿ ಗೊತ್ತಾಯಿತು. ಸತ್ತವರ ಮೇಲೆ ಅದು ಇನ್ನೂ ಸುಲಭವಾಗಿ ಹರಿಯುತ್ತದೆ, ಅವರು ಇನ್ನು ತಪ್ಪು ಮಾಡುವುದಿಲ್ಲ.

ಕೊನೆಯ ಪಾಠದಲ್ಲಿ ದನಿ ಬಹಳ ಕುಗ್ಗಿದೆ. ಒಣಗಿಸುವ ಪೆಟ್ಟಿಗೆಯ ಕಥೆಯನ್ನೇ ಹೇಳುತ್ತಾಳೆ. "ನನ್ನ ಜೋಡಿ ಒಬ್ಬಾಕಿ ಇದ್ಲು. ಆಕಿದು ಕೆಂಪಗ ಉಳೀತು, ನಂದು ಕರ್ರಗಾತು. ಯಾಕಂದ್ರ ನಾ ಒಂದು ಕಡೆ ನಿಂತು ಇನ್ನೊಂದು ಕಡೆದ್ದು ಲೆಕ್ಕಾ ಹಾಕಿದ್ದೆ. ನಿಂತ ಜಾಗಾ ಬಿಟ್ಟು ದೂರ ಹೋದ್ರ ಏನಾಗತೈತಿ ಅಂದ್ರ, ಮಕ್ಕಳ…"

ಅಲ್ಲಿ ಕೆಮ್ಮು. ನೀರಿನ ಲೋಟದ ಸಪ್ಪಳ. ಮುಂದೆ ಏನೂ ಇಲ್ಲ.

ಆ ವಾಕ್ಯವನ್ನು ಮುಗಿಸಲು ನನಗೆ ಒಂದು ವಾರ ಹಿಡಿಯಿತು. ಸರಿಯಾದ ಉತ್ತರ ಏನೆಂದು ನನಗೆ ಗೊತ್ತು. ಬಿಂದುವಿನಿಂದ ದೂರ ಸರಿದಷ್ಟೂ ನೇರ ಗೆರೆಗೂ ನಿಜವಾದ ಡೊಂಕಿಗೂ ಅಂತರ ಹೆಚ್ಚುತ್ತದೆ. ಆಗ ಹೊಸ ಬಿಂದುವಿನಲ್ಲಿ ನಿಂತು ಮತ್ತೆ ಲೆಕ್ಕ ಹಾಕಬೇಕು. ಇದನ್ನು ಬರೆದೆ, ಒಡೆದು ಎರಡು ವಾಕ್ಯ ಮಾಡಿದೆ, 'ಅಂತರ' ತೆಗೆದು 'ದೂರ' ಹಾಕಿದೆ, ಮತ್ತೆ 'ಅಂತರ' ಎಂದೇ ಮಾಡಿದೆ. ಹೊಲ, ಕಣ, ನೇಗಿಲು, ಎಲ್ಲ ತಂದು ನೋಡಿದೆ. ಅವು ತಂದು ಇಟ್ಟ ಹಾಗೆ ಕಾಣುತ್ತಿದ್ದವು.

ನಿನ್ನೆ ರಾಣೆಬೆನ್ನೂರಿಗೆ ಹೋಗಿ ಸರ್ ಎದುರು ಕೂತು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಸರಿ ಐತಿ," ಎಂದರು. "ಏನೂ ತಪ್ಪಿಲ್ಲ. ಆಕಿ ಇದ್ದಿದ್ರ ಇದನ್ನ…"

"ಗೊತ್ತೈತ್ರಿ ಸರ್," ಎಂದೆ.

ಆದರೆ ಆಕೆ ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ನಾನೇ ಬರೆಯುತ್ತಿದ್ದೆ.